ಅತ್ತೆಯ ಶಾಕವ್ರತ ಮತ್ತು ವಿಟಮಿನ್ ಸಿ

ಕಾರ್ತಿಕದ ದೀಪಗಳಿಗೆ ಹೂಬತ್ತಿ ಹೊಸೆಯುತ್ತ ಕುಳಿತಿದ್ದೆ. ಕೈಗೆ ಹತ್ತಿ ಅಂಟಿದ ಹೊತ್ತಿಗೇ ಫೋನು ಮಾಡುವುದು ನಮ್ಮವರ ಹಳೆಯ ಅಭ್ಯಾಸ. ಆ ದಿನ ಮಾತ್ರ ಗೊಣಗಲಿಲ್ಲ. ನಮ್ಮತ್ತೆಯ ರಕ್ತಪರೀಕ್ಷೆಯಲ್ಲಿ ಏನು ಬಂದಿದೆ ಎಂದು ಕೇಳಲು ಅವರು ಹುಬ್ಬಳ್ಳಿಯ ದವಾಖಾನೆಗೆ ಹೋಗಿದ್ದರು.

ಕೆಲವು ತಿಂಗಳಿಂದ ಅತ್ತೆಯ ಕಾಲಿನ ಮೇಲೆ ನೀಲಿ ಕಲೆಗಳು ಏಳುತ್ತಿದ್ದವು. "ಬಚ್ಚಲದಾಗ ಹಂಡೆ ಬಡದದ" ಎಂದು ಅವರು ತಪ್ಪನ್ನು ಹಂಡೆಯ ಮೇಲೆ ಹಾಕುತ್ತಿದ್ದರು. ಆಮೇಲೆ ಬಾಯಿ ಮುಕ್ಕಳಿಸಿದರೆ ವಸಡಿನಿಂದ ರಕ್ತ ಬರತೊಡಗಿತು. ಹಂಡೆ ಎಷ್ಟೇ ದುಷ್ಟವಾದರೂ ವಸಡಿನ ತನಕ ಬರಲಾರದೆಂದು ಹೊಳೆದ ದಿನ ನಮಗೆ ದಿಗಿಲಾಯಿತು. ರಕ್ತಕ್ಕೆ ಬರುವ ಆ ಕೆಟ್ಟ ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮನಸ್ಸಿನಲ್ಲಿ ಎಲ್ಲರೂ ಹೇಳಿಕೊಂಡಿದ್ದೆವು.

"ಅಂಥಾದ್ದೇನೂ ಇಲ್ಲಂತ," ಎಂದರು ನಮ್ಮವರು. "ವಿಟಮಿನ್ ಸಿ ಪೂರಾ ಇಳದದಂತ. ಅವ್ವಗ ಉಣ್ಣಾಕ ಏನು ಕೊಡ್ತೀರಿ ಅಂತ ಡಾಕ್ಟರಮ್ಮ ನನಗ ಬೈದ್ರು."

ಹತ್ತಿಯ ಕೈಯಲ್ಲೇ ದೇವರ ಮನೆಯತ್ತ ತಿರುಗಿ ಮುಗಿದೆ. ಆಮೇಲೆ ನಿಧಾನಕ್ಕೆ ನಾಚಿಕೆಯಾಯಿತು. ತಿಂಗಳುಗಟ್ಟಲೆ ನೀರಿನ ಮೇಲೆ ತೇಲುವ ಹಡಗಿನವರಿಗೆ ಹಿಂದೆ ಬರುತ್ತಿದ್ದ ರೋಗವಂತೆ ಇದು. ಸವಣೂರಿನಲ್ಲಿ ಸಮುದ್ರವಂತೂ ಇಲ್ಲ, ಸಂತೆಯಲ್ಲಿ ಲಿಂಬೆಹಣ್ಣು ರಾಶಿ ಬಿದ್ದಿರುತ್ತದೆ. ಮೂರು ಹೊತ್ತೂ ಒಲೆಯ ಮುಂದೆ ನಿಲ್ಲುವ ನನ್ನ ಮನೆಗೆ ಅದು ಬಂದದ್ದು ಹೇಗೆ?

ವ್ರತದಿಂದ. ನಮ್ಮಲ್ಲಿ ಆಷಾಢದಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು ಚಾತುರ್ಮಾಸ್ಯ. ಮೊದಲ ತಿಂಗಳು ಶಾಕವ್ರತ, ಅಂದರೆ ಕಾಯಿಪಲ್ಯ, ಸೊಪ್ಪು, ಹಣ್ಣು ವರ್ಜ್ಯ. ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ಹಿರಿಯರು ಜಾಣರು. ಒಂದನ್ನು ಬಿಡಿಸುತ್ತಾರೆ, ತಿಂಗಳು ಮುಗಿದಾಗ ಬಿಟ್ಟದ್ದನ್ನೇ ದಾನ ಮಾಡಿಸಿ ತಿರುಗಿ ಎಲೆಗೆ ಬಡಿಸುತ್ತಾರೆ, ಆಮೇಲೆ ಮತ್ತೊಂದಕ್ಕೆ ಕೈ ಹಾಕುತ್ತಾರೆ. ನಮ್ಮತ್ತೆ ಮಾತ್ರ ಮೊದಲ ತಿಂಗಳಲ್ಲೇ ಕೂತುಬಿಟ್ಟರು.

ಎರಡು ವರ್ಷದ ಹಿಂದೆ ಶಾಕವ್ರತದ ಕಾಲಕ್ಕೇ ಹಿರೇಕೆರೂರಿಗೆ ಕೊಟ್ಟ ನನ್ನ ಮಗಳು ದಿನ ತುಂಬುವ ಮೊದಲೇ ಹೆತ್ತಳು. ಕೂಸು ಅಂಗೈಯಗಲ. "ಅದು ಎದ್ದು ನಡಿಯೂತನಕ ನಾ ಕಾಯಿಪಲ್ಯ ಮುಟ್ಟಂಗಿಲ್ಲ" ಎಂದು ಅತ್ತೆ ಹರಕೆ ಹೊತ್ತರು. ಕೂಸು ನಡೆಯಿತು. ಓಡೂತನಕ ಅಂದರು, ಓಡಿತು. ಮಾತಾಡೂತನಕ ಅಂದರು. ಈಗ ಅದು ಮಾತಾಡಿ ಮಾತಾಡಿ ಅವರಪ್ಪನ ತಲೆ ತಿನ್ನುತ್ತಿದೆ. ಅತ್ತೆ ಇನ್ನೂ ಅನ್ನ, ಹೆಸರುಬೇಳೆ ತವ್ವೆ, ಜೀರಿಗೆ-ಮೆಣಸಿನ ಸಾರಿನಲ್ಲೇ ಇದ್ದರು. ಮಾವಿಗೆ ವ್ರತದಲ್ಲಿ ರಿಯಾಯಿತಿ ಉಂಟು, ಹಾನಗಲ್ಲಿನ ನಾದಿನಿ ಬುಟ್ಟಿಗಟ್ಟಲೆ ಕಳಿಸುತ್ತಾಳೆ. ಆದರೆ ಸಕ್ಕರೆ ಕಾಯಿಲೆಯ ಅತ್ತೆ ಒಂದು ಹೋಳು ಮೂಸಿ ಕೆಳಗಿಡುವರು. ದ್ವಾದಶಿಯ ಪಾರಣೆಗೆ ನೆಲ್ಲಿ ಬೇಕೇ ಬೇಕು. ಅದನ್ನೂ ನಾನು ಬಿಸಿಲಲ್ಲಿ ಒಣಗಿಸಿದ ನೆಲ್ಲಿಚೆಟ್ಟನ್ನು ತಂದು, ಕುದಿಸಿ ಕುದಿಸಿ ಬಡಿಸುತ್ತಿದ್ದೆ.

ಸಂಜೆ ಯಲವಿಗಿಯಲ್ಲಿ ರೈಲಿಳಿದು ಬಂದ ನಮ್ಮವರು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಪಾಠ ಒಪ್ಪಿಸಿದರು. ಈ ಸಿ ಎಂಬುದು ಬೆಂಕಿ ತಾಗಿದರೆ ಹೋಗುತ್ತದೆ, ಬಿಸಿಲಿಗೆ ಇಟ್ಟರೆ ಹೋಗುತ್ತದೆ, ಹೆಚ್ಚಿಟ್ಟರೂ ಹೋಗುತ್ತದೆ, ತಂಗಳಾದರಂತೂ ಕೇಳಲೇಬೇಡಿ. "ಅಯ್ಯ, ಇದು ಅತ್ತ್ಯಾರಗಿಂತ ಮಡಿ ಅದಲ್ಲರೀ!" ಎಂದೆ. ಮೈಯಲ್ಲಿ ಬಹಳ ದಿನ ಕೂಡಿಟ್ಟುಕೊಳ್ಳಲೂ ಬರುವುದಿಲ್ಲವಂತೆ. ಆಕಳು, ಆಡು, ಬೀದಿಯ ನಾಯಿ ತಮಗೆ ಬೇಕಾದಷ್ಟನ್ನು ತಮ್ಮ ಮೈಯೊಳಗೇ ಮಾಡಿಕೊಳ್ಳುತ್ತವೆ. ಮನುಷ್ಯನಿಗೂ ಮಂಗನಿಗೂ ಆ ವಿದ್ಯೆ ಇಲ್ಲ. ನಾಯಿಗೆ ಕೊಟ್ಟದ್ದನ್ನು ನಮಗೆ ಕೊಡಲಿಲ್ಲವಲ್ಲ ಎಂದು ಒಂದು ಗಳಿಗೆ ಸಂಕಟವಾಯಿತು. ಆಮೇಲೆ ಅನಿಸಿತು, ಅವುಗಳ ಮೈಯೊಳಗೆ ಇಟ್ಟದ್ದನ್ನು ದೇವರು ನಮಗಾಗಿ ಗಿಡದ ಮೇಲೆ ಇಟ್ಟಿದ್ದಾನೆ. ದಿನಾ ಹೊರಗೆ ಬಂದು ಕೇಳಿಕೊಳ್ಳಲಿ, ಸೊಕ್ಕು ಬರದಿರಲಿ ಎಂದಿರಬಹುದು.

ಯಾರಿಗೆ ಕಡಿಮೆಯಾಗುತ್ತದೆ ಎಂಬುದನ್ನೂ ಅವರು ಹೇಳಿದರು. ಹಲ್ಲಿಲ್ಲದ ಮುದುಕರಿಗೆ, ಚಹಾ-ಬ್ರೆಡ್ಡಿನ ಮೇಲೆ ದಿನ ದೂಡುವ ಒಂಟಿ ಜನಕ್ಕೆ, ಕಾಸಿದ ಹಾಲೊಂದರಲ್ಲೇ ಬೆಳೆಯುವ ಮಕ್ಕಳಿಗೆ. ಬಸುರಿ, ಬಾಣಂತಿಯರಿಗೆ ಬೇಡಿಕೆಯೇ ಹೆಚ್ಚು. ಸಿಗರೇಟು ಸೇದುವವರದು ಹೊಗೆಯ ಜೊತೆಗೇ ಖರ್ಚಾಗುತ್ತದೆ. ಇಷ್ಟು ಹೇಳಿ ನಮ್ಮವರು ಫ್ಯಾನಿನ ಕಡೆ ನೋಡಿದರು. ಅವರ ಅಂಗಿಯ ಕಿಸೆಯಲ್ಲಿ ಬೆಂಕಿಪೆಟ್ಟಿಗೆ ಯಾಕಿರುತ್ತದೆಂದು ನಾನೂ ಆಗ ಕೇಳಲಿಲ್ಲ. ನನಗೆ ತವರೂರು ಹಂಸಭಾವಿಯ ಹೊಲಗಳು ನೆನಪಾದವು. ಕಳೆ ತೆಗೆಯುವ ಹೆಂಗಸರು ರೊಟ್ಟಿಯ ಜೊತೆ ಹಕ್ಕರಿಕೆ, ಮೆಂತ್ಯದ ತಪ್ಪಲು, ಮೆಣಸಿನಕಾಯಿ ಎಲ್ಲವನ್ನೂ ಹಸಿಹಸಿಯಾಗಿ ಕಡಿಯುತ್ತಿದ್ದರು. ನಾವೋ ಅದೇ ಸೊಪ್ಪನ್ನು ಬೇಯಿಸಿ, ಬಸಿದು, ಬಸಿದ ನೀರನ್ನು ಬಚ್ಚಲಿಗೆ ಚೆಲ್ಲಿ ಉಣ್ಣುತ್ತಿದ್ದೆವು. ಬಚ್ಚಲಿಗೆ ಹಲ್ಲಿದ್ದರೆ ಬಲು ಗಟ್ಟಿಯಾಗಿರುತ್ತಿದ್ದವು.

ಡಾಕ್ಟರಮ್ಮ ಚೀಪುವ ಗುಳಿಗೆ ಬರೆದುಕೊಟ್ಟಿದ್ದರು. ಹೀಗೇ ಬಿಟ್ಟರೆ ಅತ್ತೆ ಹಾಸಿಗೆ ಹಿಡಿಯುತ್ತಾರೆ, ಆಮೇಲೆ ನನ್ನನ್ನು ಕೇಳಬೇಡಿ ಎಂದೂ ಹೇಳಿ ಕಳಿಸಿದ್ದರು. ಅತ್ತೆ ಗುಳಿಗೆಯನ್ನು ಮೂಗಿನ ಹತ್ತಿರ ಹಿಡಿದರು.

"ಕಿತ್ತಳಿ ವಾಸನಿ ಬರ್ತದ. ಇದು ಹಣ್ಣಿನ ಬಳಗ. ವ್ರತಕ್ಕ ನಡಿಯಂಗಿಲ್ಲ."

"ಅವ್ವಾ, ಅದು ಕಾರ್ಖಾನ್ಯಾಗ ಮಾಡಿದ್ದು. ಗಿಡಾನ ಕಂಡಿಲ್ಲ," ಎಂದರು ಮಗ.

"ಗಿಡಾ ಕಾಣದ್ದು ಮೈಗೇನು ಹತ್ತೀತು?"

ಮರುದಿನ ಸುದ್ದಿ ಗೋಡೆ ದಾಟಿತು. ಆಚೆಮನೆಯ ಹಸೀನಾಬಾನು ಅತ್ತೆಯ ಗೆಳತಿ. ಅವರ ಮನೆಯವರದು ವೀಳ್ಯದೆಲೆಯ ವ್ಯಾಪಾರ. ಗೋಡೆಗೆ ಮೊಣಕೈ ಊರಿ ಅವರು ಶುರು ಮಾಡಿದರು.

"ಅಮ್ಮಾರ, ನಮ್ಮ ಸೊಸಿ ಬಸುರಿದ್ದಾಗ ರಂಜಾನದಾಗ ರೋಜಾ ಉಪಾಸ ಬಿಟ್ಟಿದ್ಲು. ಬ್ಯಾನಿ ಇದ್ದವ್ರಿಗೆ, ಬಸುರಿದ್ದವ್ರಿಗೆ ಮಾಫ್ ಐತ್ರಿ ನಮ್ಮಲ್ಲೆ. ನೀವು ನೋಡಿದ್ರ ಎರಡು ವರ್ಷದಿಂದ ಒಂದಾ ಸವನ ಕೊಡಾಕತ್ತೀರಿ. ಇಸಗೊಂಡು ಇಸಗೊಂಡು ನಿಮ್ಮ ದೇವರ ಕೈ ಸೋತಿರಬೇಕು."

"ನಮ್ಮ ದೇವರಿಗೆ ನಾಕು ಕೈ ಅದಾವ, ಸೋಲಂಗಿಲ್ಲ. ನೀ ಚಿಂತಿ ಮಾಡಬ್ಯಾಡ," ಎಂದು ಅತ್ತೆ ನಕ್ಕರು. ನಕ್ಕಾಗ ಊದಿದ ವಸಡು ಕಾಣಿಸಿತು. ಹಸೀನಾಬಾನು ನಗುವುದನ್ನು ನಿಲ್ಲಿಸಿದರು.

ಸಂಜೆ ದೀಪ ಹಚ್ಚಿ ಅತ್ತೆಯ ಪಕ್ಕದಲ್ಲಿ ಕುಳಿತೆ. "ಕೂಸು ಆರಾಮ ಅದಲ್ಲರೀ ಅತ್ತ್ಯಾರ. ಹರಕಿ ಮುಗೀತಲ್ಲ?"

"ಬಿಟ್ಟ ಮರುದಿನ ಅದಕ್ಕ ಏನರೆ ಆದ್ರ?" ಎಂದರು, ಬಹಳ ಮೆಲ್ಲಗೆ.

ಆ ಹೆದರಿಕೆ ನನ್ನೊಳಗೂ ಕೂತಿತ್ತು. ಕಡೆಗೆ, "ಹಂಗಾರ ನೀವು ಬಿಡ್ರಿ. ಇನ್ನು ಮುಂದ ನಾ ಹಿಡೀತೇನಿ," ಎಂದೆ. ಯುಕ್ತಿಗೆ ಹೇಳಿದ್ದಲ್ಲ, ಹಿಡಿಯುವವಳೇ ಇದ್ದೆ.

ಅತ್ತೆ ನನ್ನ ಬಾಯಿಯನ್ನೇ ನೋಡಿದರು. "ಹುಚ್ಚಿ! ನಿನ್ನ ಬಾಯಾಗೂ ರಕ್ತ ಬರಬೇಕೇನು? ಬ್ಯಾಡ."

"ಮತ್ತ ಕೂಸಿಗೆ?"

ಅತ್ತೆ ದೀಪದ ಬತ್ತಿಯನ್ನು ತುಸು ಮುಂದಕ್ಕೆ ಸರಿಸಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೂಸಿನ್ನ ಉಳಿಸಿದಾವ ನಾ ಬಿಟ್ಟ ಬದನಿಕಾಯಿ ನೋಡಿ ಉಳಿಸಿಲ್ಲ ಬಿಡು," ಎಂದರು.

ಚಾತುರ್ಮಾಸ್ಯ ಮುಗಿಯುವ ದ್ವಾದಶಿಯ ದಿನ ಬಿಟ್ಟದ್ದನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಆಚಾರ್ಯರಿಗೆ ಶಾಕದಾನ ಕೊಟ್ಟರು. ಪಾರಣೆಗೆ ನಾನು ಹಸಿ ನೆಲ್ಲಿಕಾಯಿಯನ್ನು ಅರೆದು ಮೊಸರಿನಲ್ಲಿ ಕಲಸಿದೆ. ಬಾಯಿಗಿಟ್ಟು ಕಣ್ಣು ಮುಚ್ಚಿದರು. ಹುಳಿಗೋ ಭಕ್ತಿಗೋ ಹೇಳಲಾರೆ. ಅಂದಿನಿಂದ ಹಿರೇಕೆರೂರಿಗೆ ಹೊತ್ತುಹೊತ್ತಿಗೆ ಫೋನು. "ಅಜ್ಜಿ, ಕೂಸು ಆರಾಮ ಅದ. ನಿಮ್ಮ ಫೋನಿಂದ ನನಗ ಜ್ವರ ಬರಾಕತ್ತಾವ," ಎಂದಳು ಮಗಳು. ನಡುವೆ ಅದಕ್ಕೊಂದು ನೆಗಡಿ ಬಂದು ಹೋಯಿತು. ಅತ್ತೆಗೆ ಹೇಳಲಿಲ್ಲ. ಇಷ್ಟು ಸುಳ್ಳಿಗೆ ದೇವರಲ್ಲಿ ಮಾಫಿ ಇರಬೇಕು.

ಕಾಲಿನ ಕಲೆಗಳು ಹಳದಿಗೆ ತಿರುಗಿ ಮಾಸಿದವು, ವಸಡು ಗಟ್ಟಿಯಾಯಿತು. ವ್ರತದ ಎರಡು ವರ್ಷ ಅತ್ತೆ ನನ್ನ ಅಡಿಗೆಗೆ ಒಂದೂ ಕೊಂಕು ತೆಗೆದು ಹೆಸರಿಡಲಿಲ್ಲ. ನನ್ನ ಕೈಗುಣವೆಂದು ಒಳಗೊಳಗೇ ಬೀಗಿದ್ದೆ. ಪಾಪ, ಅವರಿಗೆ ರುಚಿಯೇ ಬೇಕಿರಲಿಲ್ಲ. ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತವರು ಕೋಸಂಬರಿಯನ್ನು ಬೆರಳಿನಿಂದ ಸರಿಸಿ ನೋಡಿದರು.

"ಸುಧಾ, ಈ ಸೌತಿಕಾಯಿ ಯಾವಾಗ ಹೆಚ್ಚಿದ್ದು?"

"ಪೂಜಾಕ್ಕಿಂತ ಮೊದಲರೀ."

"ಅಂದ್ರ ಸಿ ಎಲ್ಲಾ ಹೋತು! ಎಲಿ ಹಾಕಿದ ಮ್ಯಾಲೆ ಹೆಚ್ಚಬೇಕು. ಇಷ್ಟು ವರ್ಷ ಅಡಗಿ ಮಾಡಿ ಏನು ಕಲತಿ?"

ಕಿವಿ ತಂಪಾಯಿತು. ಆ ಕೋಸಂಬರಿಯನ್ನು ನಮ್ಮವರ ಎಲೆಗೆ ಬಡಿಸಿ, ಇನ್ನೊಂದು ಎಳೆ ಸೌತೆಕಾಯಿ ತೊಳೆದುಕೊಂಡು ಈಳಿಗೆಯ ಮುಂದೆ ಕುಳಿತೆ.