ನಂಬರ್ ಹಾಕಿದ ಆಮೆ

ಕಲ್ಲಿಗೆ ಬಣ್ಣ ಹಚ್ಚುವುದು ಅನುಮಾನ ಹುಟ್ಟಿಸುವ ಕೆಲಸವೆಂದು ನನಗೆ ತಿಳಿದದ್ದು ಗಜೇಂದ್ರಗಡದಲ್ಲಿ. ಸಾಲಿ ಮಕ್ಕಳಿಗೆ ಕಲ್ಲಿನ ಮೇಲೆ ಪ್ರಾಣಿ ಬರೆಯಲು ಕಲಿಸಬೇಕಿತ್ತು. ಗುಡ್ಡದ ಕೆಳಗಿನ ಹೊಲವೊಂದರ ಬದುವಿನಲ್ಲಿ ನುಣುಪಾದ ಕಲ್ಲು ಆರಿಸಿ, ಯಾವುದು ಯಾವ ಮಗುವಿಗೆಂದು ಗೊತ್ತಾಗಲು ಒಂದೊಂದರ ಅಡಿಗೂ ಹಾಜರಿ ನಂಬರ್ ಬರೆದೆ. ಮಾದರಿಗೆಂದು ಅಲ್ಲೇ ಕೂತು ಒಂದರ ಮೇಲೆ ಆಮೆ ಬರೆಯುತ್ತಿದ್ದಾಗ ಹೊಲದ ಯಜಮಾನರು ಬಂದು ನಿಂತರು.

"ಯಾವ ಕಂಪನಿಯವ್ರರಿ?"

"ಕಂಪನಿ ಅಲ್ರಿ, ಸಾಲಿ ಮಾಸ್ತರ. ಹುಡುಗೂರಿಗೆ ಚಿತ್ರಾ ಕಲಸ್ತೀನಿ."

"ಹಿಂದ ಒಬ್ಬಾಂವ ಕಲ್ಲಿಗೆ ಕೆಂಪ ಬಣ್ಣಾ ಹಚ್ಚಿ, ಸುಮ್ನ ಹಚ್ಚೀನಿ ಅಂದಿದ್ದ. ಆಮ್ಯಾಲ ಅಲ್ಲೇ ಫ್ಯಾನ್ ಬಂದು ನಿಂತ್ವು." ಗುಡ್ಡದ ಮೇಲೆ ತಿರುಗುತ್ತಿದ್ದ ಗಾಳಿಯಂತ್ರಗಳತ್ತ ಕೈ ಮಾಡಿದರು.

"ಆಮಿ ಬರದು ಯಾರರೆ ಹೊಲಾ ಅಳೀತಾರೇನ್ರಿ?"

ಅವರು ಆಮೆಯನ್ನು ಎತ್ತಿ ಬೋರಲು ಮಾಡಿದರು. ಅಡಿಯಲ್ಲಿ ಹದಿನಾಲ್ಕು.

"ಮತ್ತ ಇದು ಸರ್ವೆ ನಂಬರ ಅಲ್ಲೇನ್ರಿ?"

"ಒಬ್ಬಾಕಿ ಹುಡುಗಿ ಹಾಜರಿ ನಂಬರ್ರಿ ಅದು." ಹೇಳುವಾಗ ನನಗೇ ಅದು ಸುಳ್ಳೆನಿಸಿತು.

ಉಳಿದ ಕಲ್ಲುಗಳನ್ನೂ ತಿರುವಿ ನೋಡಿ ನನ್ನ ಚೀಲಕ್ಕೆ ತುಂಬಿದರು. "ಇವನ್ನೆಲ್ಲಾ ಲಗೂನ ಒಯ್ರಿ. ಆಮಿ ಇಲ್ಲೇ ಇರ್ಲಿ."

ಚಂದಕ್ಕೋ ಸಾಕ್ಷಿಗೋ ಎಂದು ಕೇಳುವ ಧೈರ್ಯವಾಗಲಿಲ್ಲ. ದಾರಿಗೆ ಬಂದು ಹಿಂತಿರುಗಿ ನೋಡಿದೆ. ಯಜಮಾನರು ಸುತ್ತಲೂ ಒಮ್ಮೆ ಕಣ್ಣಾಡಿಸಿ, ಬದು ದಾಟಿ, ಆಮೆಯನ್ನು ಪಕ್ಕದವರ ಹೊಲದಲ್ಲಿ ನಂಬರ್ ಮೇಲೆ ಮಾಡಿ ಇಟ್ಟು ಬಂದರು.

ಆ ಪಕ್ಕದವರು ಹುಡುಕಿಕೊಂಡು ಸಾಲಿಗೆ ಬಂದರೆ ಹಾಜರಿ ಪುಸ್ತಕ ತೋರಿಸಬೇಕೆಂದಿದ್ದೇನೆ. ಅದರಲ್ಲೂ ಎಲ್ಲರ ಹೆಸರಿನ ಮುಂದೆ ಸರ್ವೆ ಪಟ್ಟಿಯಂತೆ ಒಂದೊಂದು ನಂಬರ್ ಇದೆ ಎಂಬುದೇ ಈಗ ನನ್ನ ಚಿಂತೆ.