ಸ್ಟೀಲ್ ಡಬ್ಬಿಯ ಬಿಳಿ ನೊರೆ

ಆ ಮುಂಜಾನೆ ಹಿಂದವಾಡಿಯ ನಮ್ಮ ಅಡುಗೆಮನೆಯಲ್ಲಿ ನಾನು, ನಮ್ಮ ಅತ್ತೆ ಇಬ್ಬರೇ ಇದ್ದೆವು. ಫ್ರಿಜ್ ತೆರೆದ ಅತ್ತೆ ಒಂದು ಸ್ಟೀಲ್ ಡಬ್ಬಿ ಹಿಡಿದು ಹಾಗೇ ನಿಂತುಬಿಟ್ಟರು. ಒಳಗೆ ಮೊಟ್ಟೆ ಕಡೆದಂತೆ ಕಾಣುವ ಬಿಳಿ ನೊರೆ.

“ಲಿಂಗಪೂಜಿ ಮಾಡೋ ಮನ್ಯಾಗ ತತ್ತಿ ಕಡದು ಇಟ್ಟಾಳ ನೋಡು ನಿಮ್ಮಕ್ಕನ ಮಗಳು. ಮೊದಲ ಚೆಲ್ಲು ಅದನ್ನ.”

ನಾನು ಚೆಲ್ಲಿ, ಡಬ್ಬಿಯನ್ನು ಎರಡು ಸಲ ತಿಕ್ಕಿಟ್ಟೆ. ಸ್ನಾನ ಮುಗಿಸಿ ಬಂದ ಅಕ್ಕನ ಮಗಳು ಶೈಲಾ ಖಾಲಿ ಡಬ್ಬಿಯನ್ನೆತ್ತಿ ಒಳಗೆ ಇಣುಕಿದಳು. ಅವಳು ಭೌತವಿಜ್ಞಾನಿ. ಮರಗಪ್ಪೆ ಮೊಟ್ಟೆಯಿಡಲು ಕಟ್ಟುವ ನೊರೆಗೂಡು ಮಳೆ ಬಿಸಿಲಿಗೂ ದಿನಗಟ್ಟಲೆ ಏಕೆ ಒಡೆಯುವುದಿಲ್ಲ ಎಂಬುದೇ ಅವಳ ಸಂಶೋಧನೆ. ಹತ್ತು ದಿನ ಖಾನಾಪುರದ ಕಾಡು ಅಲೆದು ತಂದ ಒಂದೇ ಗೂಡು ಅದು.

“ಖರೇನ ತತ್ತಿನ ಇದ್ದವು ಆಯಿ, ಆದ್ರ ಕಪ್ಪಿವು. ಮಳಿಗಾಲ ಮುಗೀತು. ಇನ್ನ ಬರೋ ವರ್ಷನ ಸಿಗೂದು,” ಎಂದಳು ಅತ್ತೆಗೆ, ಮೆಲ್ಲಗೆ. ಅತ್ತೆ ಮೋರಿಯಲ್ಲಿ ಏನಾದರೂ ಉಳಿದಿದೆಯೇ ಎಂದು ಬಗ್ಗಿ ನೋಡಿದರು.

ಅವಳ ಕೆಲಸ ಒಂದು ವರ್ಷ ತಡವಾಯಿತು. ಈ ಸಲ ಮಳೆ ಹಿಡಿದ ವಾರವೇ ಅತ್ತೆ ಫೋನ್ ಮಾಡಿ ಅವಳನ್ನು ಕರೆಸಿದರು. ಮೂವರೂ ಖಾನಾಪುರಕ್ಕೆ ಹೋದೆವು. ಕೆರೆಯ ಮೇಲೆ ಚಾಚಿದ ಟೊಂಗೆಯ ನೊರೆಗೂಡಿಗೆ ಶೈಲಾ ಕೈ ನೀಡಿದಾಗ, ಅತ್ತೆ ಸೀರೆ ಎತ್ತಿಕಟ್ಟಿ ಕೆಸರಿನಲ್ಲಿಳಿದು, ಅವಳು ಜಾರದಂತೆ ಸೊಂಟ ಹಿಡಿದು ನಿಂತರು.