ಮುದಿ ನಕ್ಷತ್ರಗಳ ಉಪ್ಪು

ಮೊನ್ನೆ ನನ್ನ ಹಳೇ ಮೊಬೈಲಿನ ಬ್ಯಾಟರಿ ಪೂರಿಯಂತೆ ಉಬ್ಬಿಕೊಂಡಿತ್ತು. ಹಲಸೂರಿನ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳು ಪಲ್ಲವಿ ಅದನ್ನು ಮೆಲ್ಲಗೆ ತೆಗೆದು, "ಅಜ್ಜಿ, ಇದರೊಳಗಿರೋ ಲಿಥಿಯಂ ಎಲ್ಲಿ ಹುಟ್ಟಿದ್ದು ಗೊತ್ತಾ?" ಅಂದಳು.

"ಶಿವಾಜಿನಗರದ ಅಂಗಡೀಲಿ."

ನಕ್ಕು ನಕ್ಕು ಸುಸ್ತಾದಳು. "ಆಕಾಶದಲ್ಲಿ ಅಜ್ಜಿ! ಎಲ್ಲಾ ಅಲ್ಲ, ಒಂದಷ್ಟು. ನಕ್ಷತ್ರಗಳು ವಯಸ್ಸಾಗಿ, ಮೈ ಊದ್ಕೊಂಡು ಕೆಂಪಗಾಗ್ತವಲ್ಲ, ಆಗ ಮಾಡಿ ಹೊರಗೆ ಚೆಲ್ತವಂತೆ. ಥೇಟ್ ನಿನ್ ತರಾನೇ."

ನಾನು ಓದಿದ್ದು ಮೂರನೇ ಕ್ಲಾಸು. ನಮ್ಮ ಹುಡುಗಿಯ ಬಾಯಲ್ಲಿ ನಕ್ಷತ್ರದ ಮಾತು ಬಂದರೆ ನನ್ನ ಸಂತೋಷಕ್ಕೆ ಹಿಡಿತವೇ ಇರುವುದಿಲ್ಲ ನೋಡಿ. ಹಾಲಿನವನನ್ನೂ ನಿಲ್ಲಿಸಿ ಹೇಳುತ್ತೇನೆ. ಅವತ್ತೂ ಎದುರುಮನೆಯವರಿಗೆ ಹೇಳಲು ಎದ್ದೆ. "ಮನಸ್ಸು ಏರುಪೇರಾಗೋರಿಗೆ ಇದನ್ನೇ ಮಾತ್ರೆಯಾಗಿ ಕೊಡ್ತಾರೆ. ಅದೂ ಒಂದು ತರ ಉಪ್ಪೇ" ಅಂದಳು ಪಲ್ಲವಿ. ನನ್ನ ಕಾಲು ಅಲ್ಲೇ ನಿಂತಿತು.

ಆ ಮಾತ್ರೆ ನುಂಗುತ್ತಿದ್ದವಳು ನನ್ನ ತಂಗಿ ಸರಸ. ಒಂದು ತಿಂಗಳು ನಿದ್ದೆಯಿಲ್ಲದೆ ಹಾಡುತ್ತಿದ್ದವಳು, ಇನ್ನೊಂದು ತಿಂಗಳು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದವಳು, ಅದರಿಂದ ಸುಧಾರಿಸಿಕೊಂಡಳು. ಆಗ ಲಿಂಗರಾಜಪುರದಲ್ಲಿ ನಾವೆಲ್ಲ ಒಟ್ಟಿಗಿದ್ದೆವು. ಅಡುಗೆಯಲ್ಲಿ ಅವಳ ಕೈ ನನ್ನದಕ್ಕಿಂತ ಮೇಲು. ಇಷ್ಟನ್ನು ಒಪ್ಪಿಕೊಳ್ಳಲು ನಾನು ಮುದುಕಿಯಾಗಬೇಕಾಯಿತು. ನನ್ನ ಮಗಳನ್ನು ನೋಡಲು ಗಂಡಿನವರು ಬಂದ ದಿನ ಕೇಸರಿಬಾತು ಮಾಡಿದ್ದು ಅವಳೇ. ಮಾಡಿಸಿಕೊಂಡು, ಮಾತ್ರೆಯ ಡಬ್ಬಿಯನ್ನು ಅವಳ ಚೀಲಕ್ಕೆ ತುರುಕಿ, "ಕಮರ್ಷಿಯಲ್ ಸ್ಟ್ರೀಟಿಂದ ಸೀರೆ ಫಾಲ್ಸ್ ತಗೊಂಬಾ. ನಿಧಾನಕ್ಕೆ ಬಾ" ಅಂದೆ. ಫಾಲ್ಸು ಯಾರಿಗೂ ಬೇಕಿರಲಿಲ್ಲ. ಅವಳ ಕಾಯಿಲೆ ಗಂಡಿನವರಿಗೆ ಗೊತ್ತಾಗಬಾರದಿತ್ತು, ಅಷ್ಟೇ.

ದೀಪ ಹಚ್ಚುವ ಹೊತ್ತಿಗೆ ಬಂದು ಬಾಗಿಲ ಹೊರಗೇ ನಿಂತಳು. "ಹೊರಟ್ರಾ ಅಕ್ಕಾ? ಬಸ್ ಸ್ಟಾಪಲ್ಲೇ ಕೂತಿದ್ದೆ. ಕೇಸರಿಬಾತ್ ಚೆನ್ನಾಗಿತ್ತಂತಾ?"

ಗಂಡಿನವರು ಎರಡೆರಡು ಸಲ ಹಾಕಿಸಿಕೊಂಡಿದ್ದರು. ಯಾರು ಮಾಡಿದ್ದೆಂದು ಕೇಳಿದಾಗ, ನಾನೇ ಅಂದಿದ್ದೆ.

ಆ ಮದುವೆ ನಡೆಯಿತು, ಪಲ್ಲವಿ ಹುಟ್ಟಿದಳು. ಸರಸ ಕೆ.ಆರ್. ಪುರದಲ್ಲಿ ಬೇರೆ ಮನೆ ಮಾಡಿದಳು. ನಮ್ಮ ಯಾವ ಶುಭಕಾರ್ಯಕ್ಕೂ ಬರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಬರದಿದ್ದುದೇ ಒಳ್ಳೆಯದಾಯಿತು ಅಂದುಕೊಂಡದ್ದೂ ಉಂಟು.

ಇದೆಲ್ಲ ಹೇಳಿದಾಗ ಪಲ್ಲವಿ ನಗಲಿಲ್ಲ. "ನಂಬರ್ ಹೇಳು" ಎಂದು ತನ್ನ ಫೋನು ತೆಗೆದಳು.

"ಸರಸಾ, ಭಾನುವಾರ ಬಾರೇ. ಬೀಗರೆಲ್ಲ ಊಟಕ್ಕೆ ಬರ್ತಿದ್ದಾರೆ" ಅಂದೆ ಫೋನಿನಲ್ಲಿ.

ಅವಳು ಕೇಳಿದಳು: "ಅಡುಗೆ ಮಾಡಿಟ್ಟು ಎಷ್ಟೊತ್ತಿಗೆ ಹೊರಡ್ಬೇಕಕ್ಕಾ?"

"ಹೊರಡೋದಲ್ಲ ಕಣೇ, ನಮ್ಮ ಜೊತೆ ಊಟಕ್ಕೆ ಕೂರೋಕೆ ಬಾ" ಅಂದೆ. ಭಾನುವಾರ ಅಡುಗೆ ನಾನೇ ಮಾಡುತ್ತೇನೆ. ಬೀಗರ ಪಕ್ಕದಲ್ಲಿ ಅವಳನ್ನು ಕೂರಿಸಿ, ಬಡಿಸಿ, ಎಲ್ಲರೆದುರು ನನ್ನ ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ. ಬರುತ್ತೇನೆ ಅಂತ ಮಾತ್ರ ಅವಳಿನ್ನೂ ಹೇಳಿಲ್ಲ.